ಬೆಳಿಗ್ಗೆ ಸ್ಟಾರ್ಟ್, ಸಂಜೆ ಮುನಿಸು: ಕಾರಿನ ಕಳ್ಳ ದೋಷ ಹಿಡಿಯುವುದು ಹೇಗೆ?

ಗ್ಯಾರೇಜಿಗೆ ಒಯ್ದ ದಿನ ಮಾತ್ರ ಒಂದೇ ಸಲಕ್ಕೆ ಸ್ಟಾರ್ಟ್ ಆಗುವ ಕಾರು ಕಾರವಾರದಿಂದ ಭಟ್ಕಳದ ತನಕ ಎಲ್ಲ ಕಡೆ ಇದೆ. ಹೆಚ್ಚಿನವರು ಮೊದಲು ಹೊಸ ಬ್ಯಾಟರಿ ಹಾಕಿಸುತ್ತಾರೆ. ಉಪ್ಪುಗಾಳಿ ಬೀಸುವ ಊರಲ್ಲಿ ಮೊದಲು ಅನುಮಾನಿಸಬೇಕಾದದ್ದು ಬ್ಯಾಟರಿಯನ್ನಲ್ಲ, ಅದಕ್ಕೆ ಬಿಗಿದ ವೈರುಗಳನ್ನು.

ಕೈಕೊಟ್ಟ ಹೊತ್ತಿನಲ್ಲೇ ಪರೀಕ್ಷೆ ಆಗಬೇಕು. ಗೇರ್ ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ. ದೀಪ ಪೂರ್ತಿ ಮಂಕಾಗಿ ಟಕಟಕ ಸದ್ದು ಬಂದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ (ಬ್ಯಾಟರಿಗೆ ವೈರು ಬಿಗಿಯುವ ಜಾಗ) ಸಡಿಲ. ದೀಪ ಮಂಕಾಗದೆ ಒಂದೇ ಒಂದು 'ಟಕ್' ಅಂದರೆ ಎಂಜಿನ್ ತಿರುಗಿಸಿ ಶುರುಮಾಡುವ ಸೆಲ್ಫ್ ಮೋಟಾರು ಅಥವಾ ಅದಕ್ಕೆ ಕರೆಂಟ್ ಕೊಡುವ ಸ್ವಿಚ್ಚಾದ ಸೊಲೆನಾಯ್ಡ್ ಕಡೆ ನೋಡಿ. ಸದ್ದೇ ಇಲ್ಲ, ದೀಪ ಜೋರಾಗಿಯೇ ಇದೆ ಎಂದರೆ ಇಗ್ನಿಷನ್ ಸ್ವಿಚ್ (ಕೀ ತಿರುಗಿಸುವ ಸ್ವಿಚ್), ರಿಲೇ (ಕರೆಂಟಿನಿಂದಲೇ ಕೆಲಸ ಮಾಡುವ ಪುಟ್ಟ ಸ್ವಿಚ್), ಕೆಲವು ಕಾರುಗಳಲ್ಲಿ ಕ್ಲಚ್ ಪೆಡಲ್ ಕೆಳಗಿನ ಸ್ವಿಚ್. ಅದೇ ನಂಬರಿನ ರಿಲೇ ಫ್ಯೂಸ್ ಬಾಕ್ಸ್‌ನಲ್ಲಿ ಇನ್ನೊಂದಿದ್ದರೆ ಅದಲು ಬದಲು ಮಾಡಿ ನೋಡಬಹುದು, ಖರ್ಚಿಲ್ಲ.

ಮುಂದಿನದಕ್ಕೆ ವೋಲ್ಟ್ ಅಳೆಯುವ ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್ ಬೇಕು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2ಕ್ಕೆ ಬಂದಿದ್ದರೆ ಸುಮಾರು ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಎಂಜಿನ್ ಓಡುವಾಗ 13.8ರಿಂದ 14.5ರ ಆಸುಪಾಸು ಇದ್ದರೆ ಸಾಮಾನ್ಯವಾಗಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಸರಿಯಿದೆ ಎನ್ನಬಹುದು. ಕೆಲವು ಹೊಸ ಕಾರುಗಳಲ್ಲಿ ಇದು ಹೆಚ್ಚುಕಡಿಮೆ ಆಗುತ್ತದೆ.

ಇನ್ನು ಅರ್ಥ್ ವೈರು. ಬ್ಯಾಟರಿಯ ಮೈನಸ್‌ನಿಂದ ಬಾಡಿಗೂ ಎಂಜಿನ್‌ಗೂ ಹೋಗುವ ದಪ್ಪ ಪಟ್ಟಿ ಇದು. ಮೇಲಿಂದ ಚೆನ್ನಾಗಿಯೇ ಕಾಣುತ್ತದೆ; ಬೋಲ್ಟಿನ ಅಡಿಯಲ್ಲಿ ಕಿಲುಬು ಹತ್ತಿರುತ್ತದೆ. ಮಳೆಗಾಲದ ತೇವಕ್ಕೆ ಒಂದು ರೀತಿ, ಎಂಜಿನ್ ಕಾದಾಗ ಇನ್ನೊಂದು ರೀತಿ ಅದು ವರ್ತಿಸುವುದರಿಂದಲೇ ಈ ಬಂದುಹೋಗುವ ಕಾಟ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಗುಬ್ಬಿಗೇ ಒತ್ತಿ (ಅದಕ್ಕೆ ಬಿಗಿದ ವೈರಿನ ಕ್ಲ್ಯಾಂಪಿಗಲ್ಲ), ಇನ್ನೊಂದನ್ನು ಎಂಜಿನ್‌ನ ಬರಿ ಲೋಹಕ್ಕೆ ಹಿಡಿಯಿರಿ. ಬೆಲ್ಟು, ಫ್ಯಾನಿನಿಂದ ಕೈ ದೂರವಿರಲಿ. ಮನೆಯವರೊಬ್ಬರು ಸೆಲ್ಫ್ ಹೊಡೆಯಲಿ. ಎಂಜಿನ್ ತಿರುಗುವಾಗ 0.3 ವೋಲ್ಟ್‌ಗಿಂತ ಹೆಚ್ಚು ಬಂತೋ, ಕಳ್ಳ ಅಲ್ಲೇ ಇದ್ದಾನೆ. ಕಣ್ಣಿಗೆ ಕಾಣದ್ದನ್ನು ಮೀಟರು ಹೇಳುವುದರಿಂದ ಈ ಒಂದು ಪರೀಕ್ಷೆಯನ್ನು ಬಿಡಬೇಡಿ.

ಸರಿಪಡಿಸುವುದು ಸುಲಭ. ಕಾರು ಬಂದ್ ಮಾಡಿ, ಮೈನಸ್ ಮೊದಲು ಬಿಚ್ಚಿ, ಆಮೇಲೆ ಪ್ಲಸ್. ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಟರ್ಮಿನಲ್ ತಿಕ್ಕಿ. ಆ ನೀರು ಬ್ಯಾಟರಿಯೊಳಗೆ ಇಳಿಯದಿರಲಿ. ಅರ್ಥ್ ಬೋಲ್ಟ್ ಬಿಚ್ಚಿ, ಕೆಳಗಿನ ತಗಡನ್ನು ಪಾಲಿಶ್ ಪೇಪರಿನಿಂದ ಹೊಳೆಯುವ ತನಕ ಉಜ್ಜಿ ಬಿಗಿಯಿರಿ. ಮೇಲಿಂದ ವ್ಯಾಸಲೀನ್ ಸವರಿದರೆ ಉಪ್ಪುಗಾಳಿ ತಡೆಯುತ್ತದೆ. ಜೋಡಿಸುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಬ್ಯಾಟರಿಯಿಂದ ಹೊರಬರುವ ಹೈಡ್ರೋಜನ್ ಕಿಡಿಗೆ ಹತ್ತಿಕೊಳ್ಳುತ್ತದೆ, ಆದ್ದರಿಂದ ಹತ್ತಿರ ಬೀಡಿ ಸೇದುವವರನ್ನು ದೂರ ಕಳಿಸಿ.

ಶಿರಸಿ, ಸಿದ್ದಾಪುರ ಕಡೆಯವರಿಗೆ ಉಪ್ಪಿನ ಕಾಟ ಕಡಿಮೆ, ಇಲಿಯ ಕಾಟ ಹೆಚ್ಚು. ಅಡಿಕೆ ಮೂಟೆಯ ಪಕ್ಕ ನಿಲ್ಲಿಸಿದ ಕಾರಿನ ಬಾನೆಟ್ ವಾರಕ್ಕೊಮ್ಮೆ ಎತ್ತಿ ನೋಡಿ: ಹಿಕ್ಕೆ, ಕಡಿದ ಪ್ಲಾಸ್ಟಿಕ್ ಚೂರು ಕಂಡರೆ ವೈರುಗಳನ್ನು ಉದ್ದಕ್ಕೂ ತಡವಿ. ಘಟ್ಟ ಇಳಿಯುವಾಗ ಮಾತ್ರ ಮೀಟರ್ ಬೋರ್ಡಿನ ದೀಪಗಳು ಮಿಣುಕುತ್ತಿದ್ದರೆ ಸಡಿಲ ಕನೆಕ್ಟರ್‌ನ ಅನುಮಾನ ಪಡಿ. ಕೆಳಗೆ ಬಂದು ನಿಲ್ಲಿಸಿ, ಕೀ ಆನ್ ಇಟ್ಟು ಒಂದೊಂದೇ ವೈರಿನ ಕಟ್ಟನ್ನು ಮೆಲ್ಲಗೆ ಅಲುಗಾಡಿಸಿ; ದೀಪ ಮಿಣುಕಿದ ಕಡೆ ಅನುಮಾನ. ಹಳದಿ ಕವಚದ ವೈರು ಸಾಮಾನ್ಯವಾಗಿ ಏರ್‌ಬ್ಯಾಗಿನದು, ಮುಟ್ಟಬೇಡಿ.

ಇಷ್ಟಾದರೂ ಸಿಗದಿದ್ದರೆ ದೋಷ ಬಂದ ಹೊತ್ತು, ಮಳೆಯೋ ಬಿಸಿಲೋ, ಎಂಜಿನ್ ತಣ್ಣಗಿತ್ತೋ ಕಾದಿತ್ತೋ, ಮೀಟರಿನ ಅಂಕಿ ಎಷ್ಟಿತ್ತು ಎಂದು ಚೀಟಿಯಲ್ಲಿ ಬರೆದು ಮೆಕ್ಯಾನಿಕ್ ಕೈಗೆ ಕೊಡಿ. 'ಒಮ್ಮೊಮ್ಮೆ ಹೀಗಾಗ್ತದೆ' ಎಂದಷ್ಟೇ ಹೇಳಿದರೆ ಅವರೂ ಬ್ಯಾಟರಿಯಿಂದಲೇ ಶುರುಮಾಡುತ್ತಾರೆ.