ಪೋಸ್ಟರ್ ಬಿಟ್ಟು ಅಪ್ರೈಸಲ್‌ಗೆ ಕೈ ಹಾಕಿದ್ದು

ನಾನು ಎಚ್‌ಆರ್‌ನವಳು. ಪರಿಸರ ಅಂದರೆ ನಮಗೆ ಜೂನ್ 5ರಂದು ಒಂದು ಗಿಡ, ಒಂದು ಪ್ರತಿಜ್ಞೆ, ಒಂದು ಗ್ರೂಪ್ ಫೋಟೋ. ಕಂಪನಿ ಐಎಸ್‌ಒ 14001 ಅನ್ನುವ ಪರಿಸರ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡದ ಪ್ರಮಾಣಪತ್ರ ಪಡೆಯಲು ಹೊರಟ ಮೇಲೆ ಅದು ನಿಜವಾದ ಕೆಲಸವಾಗಿ ತಲೆ ಮೇಲೆ ಬಂತು. ಸಿಬ್ಬಂದಿಗೆ ವಿಷಯ ಗೊತ್ತಿದೆಯಾ, ಮಾಡಲು ಬರುತ್ತದಾ ಅಂತ ಆ ಮಾನದಂಡ ಕೇಳುತ್ತದೆ. ಉತ್ತರ ಕೊಡಬೇಕಾದವರು ನಾವೇ.

ತರಬೇತಿ ಸುಲಭದ ಭಾಗ. ಎಲ್ಲರಿಗೂ ಒಂದೇ ಸ್ಲೈಡ್ ಬೇಡ ಅಂದೆವು. ಖರೀದಿಯವರಿಗೆ ಪ್ಯಾಕಿಂಗ್ ಬಗ್ಗೆ, ಮೆಷಿನ್ ಹತ್ತಿರ ಇರುವವರಿಗೆ ಗಾಳಿಯನ್ನು ಒತ್ತಿ ಮೆಷಿನ್‌ಗಳಿಗೆ ಕೊಡುವ ಕಂಪ್ರೆಸರ್ ಬಗ್ಗೆ ಹೇಳಿಕೊಟ್ಟೆವು. ಸರಿಯಾಗಿ ನೋಡಿಕೊಳ್ಳದಿದ್ದರೆ ಕಂಪ್ರೆಸರ್ ಗಾಳಿಯಲ್ಲಿ ಶೇ 20ರಿಂದ 30ರಷ್ಟು ಸೋರಿಯೇ ಹೋಗಬಹುದು. ಅಷ್ಟೂ ಕರೆಂಟ್ ದಂಡ.

ಆದರೆ ಸೋರುವ ಸದ್ದು ಆಪರೇಟರ್‌ಗಳಿಗೆ ಮೊದಲಿಂದಲೂ ಕೇಳಿಸುತ್ತಿತ್ತು! ಹೇಳಬೇಕೆಂದರೆ ಫಾರ್ಮ್ ತುಂಬಬೇಕು, ಸೂಪರ್‌ವೈಸರ್ ಸಹಿ ಬೇಕು. ಆಮೇಲೆ 'ಈಗ ಲೈನ್ ನಿಲ್ಲಿಸೋಕಾಗಲ್ಲ' ಅನ್ನುವ ಉತ್ತರ. ಸುಮ್ನೆ ಯಾರು ಹೇಳ್ತಾರೆ? ರೆನ್‌ವಿಕ್, ರೆಡ್‌ಮನ್, ಮಗ್ವಾಯರ್ ಎಂಬ ಸಂಶೋಧಕರು 2013ರ ಪ್ರಬಂಧದಲ್ಲಿ ಪರಿಸರಕ್ಕಾಗಿ ಮಾಡುವ ಇಂಥ ಎಚ್‌ಆರ್ ಕೆಲಸವನ್ನು ಮೂರಾಗಿ ವಿಂಗಡಿಸಿದ್ದರು: ಕೌಶಲ, ಪ್ರೇರಣೆ, ಅವಕಾಶ. ನಮ್ಮಲ್ಲಿ ಇಲ್ಲದ್ದು ಮೂರನೆಯದು. ಫಾರ್ಮ್ ತೆಗೆದು ಟ್ಯಾಗ್ ಕೊಟ್ಟೆವು. ಸದ್ದು ಬಂದ ಕಡೆ ಕಟ್ಟಿದರೆ ಮುಗೀತು. ರಿಪೇರಿ ಮಾಡಿಸುವ ಹೊಣೆಯನ್ನು ಮ್ಯಾನೇಜರ್‌ನ ಅಪ್ರೈಸಲ್‌ಗೆ, ಅಂದರೆ ಕೆಲಸದ ಮೌಲ್ಯಮಾಪನಕ್ಕೆ, ಸೇರಿಸಿದೆವು.

ಜಗಳ ಆದದ್ದು ಇಲ್ಲೇ. ಮ್ಯಾನೇಜರ್‌ಗಳಿಗೆ ಮಾತ್ರ ಯಾಕೆ, ಎಲ್ಲರಿಗೂ ಟಾರ್ಗೆಟ್ ಹಾಕಿ ಅಂತ ಕೆಲವರು ಅಂದರು. ನಾನು ಒಪ್ಪಲಿಲ್ಲ. ಎಣ್ಣೆ ಚೆಲ್ಲಿತು ಅಂತ ಹೇಳಿದವನಿಗೇ ಅಂಕ ಕಳೆದರೆ ಅವನು ಮುಂದಿನ ಸಲ ಒರೆಸಿ ಸುಮ್ಮನಾಗುತ್ತಾನೆ, ಅಲ್ವಾ? ಕೊನೆಗೆ ಅಂಕ ಮ್ಯಾನೇಜರ್‌ಗೆ, ಬಹುಮಾನ ಇಡೀ ತಂಡಕ್ಕೆ ಅಂತಾಯಿತು. ಸೂಚನೆ ಕೊಟ್ಟವರಿಗೆ 'ಆಗುತ್ತೆ' ಅಥವಾ 'ಆಗಲ್ಲ, ಯಾಕೆಂದರೆ ಹೀಗೆ' ಅಂತ ಉತ್ತರ ಹೋಗಲೇಬೇಕು ಎಂಬ ನಿಯಮವೂ ಬಂತು. ನನ್ನ ಲೆಕ್ಕದಲ್ಲಿ ಬಹುಮಾನಕ್ಕಿಂತ ಇದಕ್ಕೇ ಬೆಲೆ ಜಾಸ್ತಿ.

ಪ್ರಯಾಣದ ನಿಯಮ ನಮ್ಮ ಕೈಯಲ್ಲೇ ಇತ್ತು. ರೈಲಿನಲ್ಲಿ ಹೋದರೆ ಸ್ವಂತ ಸಮಯ ಹಾಳು ಅಂತ ಜನ ವಿಮಾನ ಹತ್ತುತ್ತಿದ್ದರು. ರೈಲಿನಲ್ಲಿ ಕಳೆದ ಹೊತ್ತನ್ನೂ ಕೆಲಸದ ಲೆಕ್ಕಕ್ಕೆ ಹಾಕಿದೆವು. ಉಪದೇಶ ಬೇಕಾಗಲಿಲ್ಲ.

ಈಗ ಹಿಡಿದಿರುವುದು ಹೌಸ್‌ಕೀಪಿಂಗ್‌ನವರ ವಿಷಯ. ಕಸದ ಬುಟ್ಟಿಗೆ ಏನು ಬೀಳುತ್ತದೆ ಅಂತ ಅವರಷ್ಟು ಬಲ್ಲವರು ಯಾರೂ ಇಲ್ಲ. ಆದರೆ ಅವರು ಗುತ್ತಿಗೆಯವರು, ನಮ್ಮ ಅಪ್ರೈಸಲ್‌ಗೂ ಬಹುಮಾನಕ್ಕೂ ಹೊರಗೆ. ಅವರ ಬಹುಮಾನದ ಹಣ ಏಜೆನ್ಸಿಗೆ ಹೋಗದೆ ನೇರವಾಗಿ ಅವರ ಖಾತೆಗೇ ಹೋಗಬೇಕು ಅಂತ ಫೈನಾನ್ಸ್‌ನವರ ಜೊತೆ ಎಳೆದಾಟ ಇನ್ನೂ ನಡೆದಿದೆ.