ಬೂಟ್ ಕ್ಯಾಂಪ್ ಬೇಕಾ ಬೇಡ್ವಾ: ನನಗೆ ಉತ್ತರ ಸಿಕ್ಕಿದ್ದು ಟೀ ಅಂಗಡಿಯಲ್ಲಿ

ಬೆಂಗಳೂರಿನ ಪೀಣ್ಯದಲ್ಲಿ ಏಳು ವರ್ಷ, ಕಂಪ್ಯೂಟರ್ ಹೇಳಿದಂತೆ ಲೋಹ ಕಡಿಯುವ ಸಿಎನ್‌ಸಿ ಮೆಷಿನ್ ಮುಂದೆ ನಿಂತವನು ನಾನು. 31ನೇ ವಯಸ್ಸಿಗೆ ಕೋಡಿಂಗ್ ಕಲಿತು ಕೆಲಸ ಬದಲಾಯಿಸುತ್ತೇನೆ ಅಂದಾಗ ನಮ್ಮ ಫೋರ್‌ಮನ್ "ಸುಮ್ನೆ ಇರೋ ಕೆಲಸಾನೂ ಕಳ್ಕೋತೀಯ ಕಣಯ್ಯ" ಅಂದಿದ್ದರು. ಈಗ ಬ್ಯಾಕೆಂಡ್ ಕೆಲಸಕ್ಕೆ (ವೆಬ್‌ಸೈಟ್, ಆ್ಯಪ್ ಹಿಂದೆ ಸರ್ವರ್‌ನಲ್ಲಿ ಓಡುವ ಕೋಡ್ ಬರೆಯೋದು) ಸೇರಿ ಒಂದೂವರೆ ವರ್ಷ ಆಯಿತು.

ಮೊದಲ ಸಲ ಚೆನ್ನಾಗಿ ಮುಳುಗಿದೆ. ಅದು ಒಂದು ಆನ್‌ಲೈನ್ ಬೂಟ್ ಕ್ಯಾಂಪ್, ಅಂದರೆ ಕೆಲವೇ ತಿಂಗಳಲ್ಲಿ ಕೋಡಿಂಗ್ ಕೆಲಸಕ್ಕೆ ತಯಾರು ಮಾಡುತ್ತೇವೆ ಅನ್ನುವ ಕೋರ್ಸು. ವೆಬ್‌ಸೈಟಿನಲ್ಲಿ ಕಣ್ಣಿಗೆ ಕಾಣೋದು, ಹಿಂದೆ ಓಡೋದು ಎರಡನ್ನೂ ಕಲಿಸುವ 'ಫುಲ್‌ಸ್ಟ್ಯಾಕ್', ಜಿಎಸ್‌ಟಿ ಸೇರಿ 1.6 ಲಕ್ಷದ ಹತ್ತಿರ. "ಸರ್, ಇವತ್ತು ರಾತ್ರಿ ಒಳಗೆ ಸೀಟ್ ಬ್ಲಾಕ್ ಮಾಡಿದ್ರೆ 20 ಸಾವಿರ ಕಮ್ಮಿ" ಅಂತ ಫೋನಿನಲ್ಲೇ ಓಟಿಪಿ ಹಾಕಿಸಿಕೊಂಡರು. ಇಎಂಐ ಅಂದರೆ ಫೀಸನ್ನೇ ಕಂತಿನಲ್ಲಿ ಕಟ್ಟೋದು ಅಂದುಕೊಂಡಿದ್ದೆ, ಆದರೆ ಅದು ಫೈನಾನ್ಸ್ ಕಂಪನಿಯಿಂದ ನನ್ನ ಹೆಸರಲ್ಲಿ ಎತ್ತಿದ ಸಾಲ, ಕೋರ್ಸಿನವರಿಗೆ ದುಡ್ಡು ಮೊದಲೇ ಹೋಗಿತ್ತು. ಮೂರನೇ ತಿಂಗಳಿಗೆ ಮೇಷ್ಟ್ರು ಬದಲಾದರು, ಆಮೇಲೆ ಬರೀ ರೆಕಾರ್ಡ್ ಮಾಡಿದ ವಿಡಿಯೋ. ನಾನು ಬಿಟ್ಟೆ, ಕಂತು ಬಿಡಲಿಲ್ಲ. ತಿಂಗಳಿಗೆ 9 ಸಾವಿರ, 18 ತಿಂಗಳು. ಒಂದು ಕಂತು ತಪ್ಪಿಸಿದ್ದಕ್ಕೆ ಸಿಬಿಲ್ ಸ್ಕೋರ್ ಇಳಿದದ್ದು ಬೈಕ್ ಲೋನ್ ಕೇಳಲು ಹೋದಾಗ ಗೊತ್ತಾಯಿತು.

ಎರಡನೇ ಸಲ ಮೂರು ತಿಂಗಳು ಒಂದು ರೂಪಾಯಿ ಬಿಚ್ಚಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಕೋಡಿಂಗ್ ಕಲಿಸುವ ಉಚಿತ ವೆಬ್‌ಸೈಟ್ ಫ್ರೀಕೋಡ್‌ಕ್ಯಾಂಪ್, ಮಧ್ಯೆ ಹಾರ್ವರ್ಡ್‌ನ ಉಚಿತ ಆನ್‌ಲೈನ್ ಕೋರ್ಸು ಸಿಎಸ್50. ಎಷ್ಟು ಪಾಠ ಮುಗಿಯಿತು ಅಂತ ನೋಡಲೇ ಇಲ್ಲ. ತಲೆ ಕೆಟ್ಟು ಲ್ಯಾಪ್‌ಟಾಪ್ ಮುಚ್ಚಿದ ಮಾರನೇ ದಿನ ಮತ್ತೆ ಕೂತೆನಾ ಅಂತ ಮಾತ್ರ ಕ್ಯಾಲೆಂಡರ್‌ನಲ್ಲಿ ಟಿಕ್ ಹಾಕಿದೆ. 90 ದಿನದಲ್ಲಿ 70 ಚಿಲ್ಲರೆ ಟಿಕ್. ಐವತ್ತರ ಕೆಳಗೆ ಬಂದಿದ್ದರೆ ಲೇತ್ ಮುಂದೆಯೇ ಇರುತ್ತಿದ್ದೆ.

ಆಮೇಲೆ ಕೋಡಿಂಗ್ ಇನ್‌ಸ್ಟಿಟ್ಯೂಟ್ ಹುಡುಕಿಕೊಂಡು ಬಿಟಿಎಂ, ಮಾರತಹಳ್ಳಿ, ರಾಜಾಜಿನಗರ ಸುತ್ತಿದೆ. ಕೌನ್ಸೆಲರ್ ಹತ್ತಿರ ಹೋಗದೆ, ಊಟದ ಹೊತ್ತಿಗೆ ಇನ್‌ಸ್ಟಿಟ್ಯೂಟ್ ಕೆಳಗಿನ ಟೀ ಅಂಗಡಿಯಲ್ಲಿ ಕೂತು, ಅಲ್ಲಿಗೆ ಬರುವ ಹುಡುಗರನ್ನೇ ಮಾತಾಡಿಸುತ್ತಿದ್ದೆ. ಒಂದು ಕಡೆ, ಮೇಲೆ ಗೋಡೆಯಲ್ಲಿ 'ಪ್ಲೇಸ್ಡ್' ಅಂತ ಫೋಟೋ ಇದ್ದ ಹುಡುಗ ನನ್ನ ಪಕ್ಕದಲ್ಲೇ ಬನ್ ತಿನ್ನುತ್ತಿದ್ದ. ಸಿಕ್ಕಿದ್ದು ಕಾಲ್ ಸೆಂಟರ್ ಕೆಲಸವಂತೆ, ಎರಡೇ ತಿಂಗಳಿಗೆ ಬಿಟ್ಟು ಮತ್ತೆ ಕ್ಲಾಸಿಗೆ ಬಂದಿದ್ದ! ದೊಡ್ಡ ಫೀಸಿನ ಬೂಟ್ ಕ್ಯಾಂಪ್ ಬೇಡ ಅನ್ನೋ ಉತ್ತರ ನನಗೆ ಸಿಕ್ಕಿದ್ದು ಅಲ್ಲೇ.

ಕೊನೆಗೆ ಸೇರಿದ್ದು ಶನಿವಾರ, ಭಾನುವಾರದ ಒಂದು ಜಾವಾ ಕ್ಲಾಸಿಗೆ. ಒಟ್ಟು 28 ಸಾವಿರ, ಎರಡು ಭಾಗ ಮಾಡಿ ಸಾಲ ಇಲ್ಲದೆ ಕೈಯಿಂದಲೇ ಕಟ್ಟಿದೆ. ಪಾಠಕ್ಕಿಂತ ಡೌಟ್ ಕೇಳೋಕೆ, ಮಾಕ್ ಇಂಟರ್‌ವ್ಯೂಗೆ (ಅಭ್ಯಾಸದ ಸಂದರ್ಶನ) ಉಪಯೋಗ ಆಯಿತು.

ಇದರ ಮಧ್ಯೆ ಸುಮ್ನೆ ಇರಲಾರದೆ, ಯಾವ ಇನ್ಸರ್ಟ್ (ಮೆಷಿನ್‌ನಲ್ಲಿ ಲೋಹ ಕಡಿಯುವ ಬದಲಿಸಬಹುದಾದ ಚಿಕ್ಕ ತುದಿ) ಎಷ್ಟು ಜಾಬ್‌ಗೆ ಸವೆಯುತ್ತದೆ ಅಂತ ಲೆಕ್ಕ ಇಡುವ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಅದೇ ಫೋರ್‌ಮನ್ ಈಗಲೂ ಬಳಸುತ್ತಾರೆ, ನೋಡಿ! ಇಂಟರ್‌ವ್ಯೂನಲ್ಲಿ ಜಾವಾ ಬಗ್ಗೆ ಕೇಳಿದ್ದು ಹತ್ತು ನಿಮಿಷ, ಇದರ ಬಗ್ಗೆ ಅರ್ಧ ಗಂಟೆ. ನಮ್ಮ ಮೆಷಿನ್‌ಗೆ ಸೂಚನೆ ಕೊಡುವ ಜಿ-ಕೋಡ್‌ನಲ್ಲಿ ಒಂದು ದಶಮಾಂಶದ ಚುಕ್ಕೆ ಬಿಟ್ಟರೆ 50 ಎಂಎಂ ಹೇಗೆ 50 ಮೈಕ್ರಾನ್, ಅಂದರೆ ಅದರ ಸಾವಿರದ ಒಂದು ಭಾಗ ಆಗುತ್ತದೆ ಅಂತಲೂ ಹೇಳಿದೆ, ನಕ್ಕರು.

ಹಾಕಿದ ಅರ್ಜಿ ನೂರರ ಮೇಲೆ, ಕರೆದದ್ದು ಆರು ಕಡೆ. ಆರರಲ್ಲಿ ಐದು ಕರೆ ಕೊನೆಯ ಇಪ್ಪತ್ತು ಅರ್ಜಿಗಳಿಂದಲೇ ಬಂದವು. ಆ ಇಪ್ಪತ್ತನ್ನು ಹೇಗೆ ಆರಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ, ಇನ್ನೊಂದು ಸಲ ಕೆಲಸ ಬದಲಾಯಿಸುವುದಿದೆ. ಕೈಗೆ 31 ಸಾವಿರ ಬರುತ್ತಿದ್ದದ್ದು 37 ಆಯಿತು, ಜಾಸ್ತಿ ಏನಲ್ಲ. ಆ ಹಳೆ ಕೋರ್ಸಿನ ಕೊನೆ ಕಂತು ಹೋಗಿದ್ದು ಹೊಸ ಕೆಲಸದ ಎರಡನೇ ಸಂಬಳದಲ್ಲಿ.