ಮೊದಲ ಬಕೆಟ್‌ನಲ್ಲಿ ಉಪ್ಪುನೀರು

ಮರುಭೂಮಿಯ ಸಂರಕ್ಷಿತ ವಲಯದೊಳಗಿನ ಸುಮಾರು 24 ಕಿಲೋಮೀಟರ್ ಜಾಡನ್ನು ನನ್ನ ಹೆಣ್ಣುಕುದುರೆ ಕೆಂಚಿಯ ಮೇಲೆ ಈ ಋತುವಿನಲ್ಲಿ ಹನ್ನೊಂದು ಸಲ ಮುಗಿಸಿದ್ದೇನೆ. ಒಂದು ಸಲವೂ ಅವಳು ಬಳಲಿ ನಿಲ್ಲಲಿಲ್ಲ. "ಕುದುರೆಗೆ ಉಪ್ಪುನೀರು ಕುಡಿಸಿ ಕೊಲ್ಲುತ್ತೀಯಾ?" ಎಂದು ರೇಗಿದ್ದವರೇ ಈಗ ಉಪ್ಪಿನ ಅಳತೆ ಕೇಳಲು ಬರುತ್ತಿದ್ದಾರೆ. ಎಲ್ಲರಿಗೂ ಒಟ್ಟಿಗೆ ಹೇಳಿಬಿಡುತ್ತೇನೆ.

ಮೊದಲ ವರ್ಷದ ಕಥೆ ಹೀಗಿತ್ತು. ಒಳಗಿನ ನೀರಿನ ಗುಂಡಿಗಳು ಕಾಡುಪ್ರಾಣಿಗಳಿಗೆ ಮೀಸಲು, ನಾವು ಅವುಗಳ ಹತ್ತಿರ ಹೋಗುವಂತಿಲ್ಲ. ಅದು ಸರಿಯಾದ ನಿಯಮವೇ. ಜಾಡು ಅರ್ಧಕ್ಕೆ ಬಂದು ಬೇಲಿಯ ಬಾಗಿಲು ಮುಟ್ಟುತ್ತದೆ. ಅಲ್ಲಿ ಅನುಮತಿ ಪಡೆದು ಹಿಂದಿನ ದಿನವೇ ಕ್ಯಾನ್‌ಗಳಲ್ಲಿ ನೀರು ಇಟ್ಟಿದ್ದೆ. ಕೆಂಚಿ ಮೂಸಿ ನೋಡಿ ಮುಖ ತಿರುಗಿಸಿದಳು. ಮೈತುಂಬ ಬೆವರಿನ ಉಪ್ಪು ಬಿಳಿಗಟ್ಟಿತ್ತು, ಆದರೂ ಒಂದು ಗುಟುಕು ಕುಡಿಯಲಿಲ್ಲ. ಅರ್ಧ ಗಂಟೆ ನಿಲ್ಲಿಸಿದರೂ ನಾಡಿ ಎಪ್ಪತ್ತರ ಕೆಳಗೆ ಇಳಿಯಲಿಲ್ಲ. ಪಕ್ಕೆಗೆ ಕಿವಿಯಿಟ್ಟರೆ ಕರುಳಿನ ಸದ್ದೇ ಇಲ್ಲ. ಜೀನು ಇಳಿಸಿ, ಲಗಾಮು ಹಿಡಿದು ಒಂಬತ್ತು ಕಿಲೋಮೀಟರ್ ನಡೆಸಿಕೊಂಡು ಬಂದೆ. ಪಶುವೈದ್ಯರು ಮೂಗಿನಿಂದ ಕೊಳವೆ ಇಳಿಸಿ ದ್ರವ ಕೊಟ್ಟರು. ಹೆಚ್ಚುಕಡಿಮೆ ಎರಡು ತಿಂಗಳ ಸಂಬಳ ಒಂದೇ ರಾತ್ರಿಯಲ್ಲಿ ಕರಗಿತು. ಹೋದ ಹಣಕ್ಕೆ ದುಃಖವಿಲ್ಲ, ಅವಳ ಆ ರಾತ್ರಿಯ ಕಣ್ಣುಗಳನ್ನು ಮಾತ್ರ ಇನ್ನೂ ಮರೆಯಲಾಗಿಲ್ಲ.

ಆಮೇಲೆ ಬಾಯಿಗೆ ಹಚ್ಚುವ ಲವಣದ ಪೇಸ್ಟ್ ತಂದೆ. ಅರ್ಧ ಉಗುಳಿದಳು, ಉಳಿದದ್ದರಿಂದ ಬಾಯಿ ಉರಿದು ಬಕೆಟ್ ಕಂಡರೇ ಹಿಂಜರಿಯತೊಡಗಿದಳು. ಲೋಹದ ಬಕೆಟ್ ಬಿಟ್ಟು ಬಟ್ಟೆಯದನ್ನು ಕೊಂಡೆ, ಪ್ರಯೋಜನವಾಗಲಿಲ್ಲ. ಬೆನ್ನು ನೋಯುತ್ತಿರಬಹುದೆಂಬ ಅನುಮಾನದಿಂದ ಹೊಸ ಜೀನಿಗೂ ಸುರಿದೆ. ಬೆನ್ನಿನ ಮೇಲಿದ್ದ ಉಜ್ಜುಗಾಯ ಮಾಯಿತು, ಆ ಖರ್ಚು ವ್ಯರ್ಥವಾಗಲಿಲ್ಲ. ಕುಡಿಯುವುದು ಮಾತ್ರ ಆಗಲಿಲ್ಲ.

ದಾರಿ ತೆರೆದದ್ದು ಬೆವರಿನ ಬಗ್ಗೆ ಯೋಚಿಸಿದಾಗ. ಕುದುರೆಯ ಬೆವರು ಅದರ ರಕ್ತದಷ್ಟೇ ಉಪ್ಪು, ಕೆಲವೊಮ್ಮೆ ತುಸು ಹೆಚ್ಚೇ. ನೀರಿನ ಜೊತೆ ಉಪ್ಪೂ ಹೊರಟುಹೋಗುವುದರಿಂದ ರಕ್ತದ ಉಪ್ಪು ಅಷ್ಟಾಗಿ ಏರುವುದಿಲ್ಲ, ಮಿದುಳಿಗೆ ಸುಳಿವು ಸಿಗದೆ ಬಾಯಾರಿಕೆ ಸರಿಯಾಗಿ ಹುಟ್ಟುವುದಿಲ್ಲ. ಬರಿಯ ನೀರು ಕೊಟ್ಟರೆ ಎರಡು ಗುಟುಕಿಗೆ ಆ ಅಲ್ಪ ಬಾಯಾರಿಕೆಯೂ ಆರಿಹೋಗುತ್ತದೆ. ಹಾಗಾಗಿ ಬಾಯಾರಿಕೆ ಆರದೆ ಉಳಿಯಲೆಂದು ಮೊದಲ ಬಕೆಟ್ ಉಪ್ಪುನೀರು: ಲೀಟರಿಗೆ 9 ಗ್ರಾಂ ಅಡುಗೆ ಉಪ್ಪು, ಅದಕ್ಕಿಂತ ಹೆಚ್ಚು ಬೇಡ. ಅದರ ಬೆನ್ನಿಗೇ ಸಾದಾ ನೀರು, ಸಾಕೆನ್ನುವವರೆಗೆ. ಸಾದಾ ನೀರು ಧಾರಾಳವಾಗಿ ಕೈಯಲ್ಲಿ ಇಲ್ಲದಿದ್ದರೆ ಉಪ್ಪುನೀರನ್ನು ಮುಟ್ಟಲೇಬೇಡಿ.

ಒಗ್ಗಿಸುವುದಕ್ಕೆ ಲಾಯದಲ್ಲಿ ಐದಾರು ವಾರ ಹಿಡಿಯಿತು. ಲೀಟರಿಗೆ 2 ಗ್ರಾಂನಿಂದ ಆರಂಭಿಸಿದೆ. ಮೊದಲ ವಾರ ಅವಳ ಮೂತಿ ಬಕೆಟ್‌ಗೆ ಇಳಿಯುವಂತೆ ಮಾಡಿದ ಪರಿಮಳವೊಂದಿದೆ. ಅದನ್ನು ಹೇಳುವುದಿಲ್ಲ, ನಿಮ್ಮ ಕುದುರೆ ಏನನ್ನು ಮೂಸಲು ಇಷ್ಟಪಡುತ್ತದೆ ಎಂದು ನೀವೇ ಹುಡುಕಿ. ಈಗ ಬೇಲಿಯ ಬಾಗಿಲಲ್ಲಿ ಎಂಟು ಲೀಟರ್ ಉಪ್ಪುನೀರು ಹೀರಿ, ಮೇಲೆ ಹದಿನೈದರಷ್ಟು ಸಾದಾ ನೀರು ಕುಡಿಯುತ್ತಾಳೆ. ಹತ್ತು ನಿಮಿಷದಲ್ಲಿ ನಾಡಿ ಐವತ್ತರ ಆಸುಪಾಸಿಗೆ ಬರುತ್ತದೆ. ನಮ್ಮ ಗುಂಪಿನಲ್ಲಿ ಇಷ್ಟು ಬೇಗ ಇಳಿಯುವ ಬೇರೆ ಕುದುರೆಯಿಲ್ಲ.

ನಡುವೆ ಇನ್ನೊಂದು ಪರೀಕ್ಷೆಯನ್ನೂ ಮಾಡಿದೆ. ನೆಲದ ಮೇಲೆ ಹುಲ್ಲು ಹಾಕಿದ ದಿನಗಳ ಲದ್ದಿಯನ್ನು ಗಾಜಿನ ಜಾಡಿಯಲ್ಲಿ ಕದಡಿಟ್ಟರೆ ತಳದಲ್ಲಿ ಬೆರಳಗಲ ಮರಳು ಕೂತಿತ್ತು. ಹುಲ್ಲನ್ನು ಬಲೆಚೀಲಕ್ಕೆ ಹಾಕಿದ ಮೇಲೆ ಚಿಟಿಕೆಯಷ್ಟೇ. ಮೇವಿನ ಜೊತೆ ಮರಳು ಒಳಸೇರಿ ಬರುವ ಹೊಟ್ಟೆಶೂಲೆಯ ಭಯವಿರುವವರು ಇದನ್ನು ತಿಂಗಳಿಗೊಮ್ಮೆಯಾದರೂ ಮಾಡಬೇಕು.

ಜಾಡಿನಲ್ಲಿ ನಾನು ಪೂರ್ತಿ ನಡಿಗೆಯಲ್ಲೇ ಹೋಗುತ್ತೇನೆ. ಗಂಟೆಗೆ ಆರು ಕಿಲೋಮೀಟರ್, ಬೆಳಕು ಹರಿಯುವ ಮೊದಲೇ ಹೊರಡುವುದು. ಓಟ ಬೇಕೆನ್ನುವವರು ಬೇರೆ ಕಡೆ ಹೋಗಲಿ. ಗೊರಸು ಮರಳಿಗಿಳಿಯುವ ಸದ್ದು, ಜೀನಿನ ಚರ್ಮದ ಕಿರುಗುಟ್ಟುವಿಕೆ, ಅಷ್ಟೇ. ಕಳೆದ ಸಲ ಪೊದೆಯ ಮರೆಯಲ್ಲಿ ಮಲಗಿದ್ದ ನರಿಯೊಂದು ತಲೆಯೆತ್ತಿ ನಮ್ಮನ್ನು ನೋಡಿತು, ಓಡಲಿಲ್ಲ, ಮತ್ತೆ ಬಾಲದೊಳಗೆ ಮೂತಿ ಹುದುಗಿಸಿತು. ಕೆಂಚಿ ಕಿವಿ ನಿಮಿರಿಸಿದವಳು ಹೆಜ್ಜೆ ತಪ್ಪಿಸದೆ ಮುಂದೆ ನಡೆದಳು.